ಕೇಳಿ ನೋಡಿ: ಜ್ವಾಲಾಮುಖಿಯ ಹೊಗೆಯಲ್ಲಿ ಕಣ ಹುಟ್ಟುವ ಲೆಕ್ಕ

ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದು ಅದರ ಬೂದಿ ದೆಹಲಿಯ ಆಕಾಶದವರೆಗೆ ಬಂದಾಗಿನಿಂದ ನನ್ನ ಟಪಾಲಿನಲ್ಲಿ ಜ್ವಾಲಾಮುಖಿಯದೇ ಕಾರುಬಾರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಂಡಿದ್ದವಳಿಗೆ ಗಂಧಕದ ಪ್ರಶ್ನೆ ಬಂದರೆ ಬೇಡ ಎನ್ನಲಾಗುವುದಿಲ್ಲ. ಬೆಣ್ಣೆದೋಸೆಯ ಹಿಟ್ಟು ಚಳಿಗಾಲದಲ್ಲಿ ಯಾಕೆ ಹುಳಿ ಬರುವುದಿಲ್ಲ ಎಂದು ಕೇಳಿರುವ ಪಿ.ಜೆ. ಬಡಾವಣೆಯ ತಾಯಿ ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ದೆಹಲಿಗೆ ಬಂದ ಬೂದಿ ನಮ್ಮ ಕಡೆ ಯಾಕೆ ಬರಲಿಲ್ಲ? ಬಂದಿದ್ದರೆ ಭದ್ರಾ ನಾಲೆಯ ಭತ್ತಕ್ಕೆ ಏನಾಗುತ್ತಿತ್ತು?
— ಭತ್ತದ ಬೆಳೆಗಾರರು, ಮಲೇಬೆನ್ನೂರು

ಉತ್ತರ: ಯಜಮಾನ್ರೇ, ಗಾಳಿ ಈ ಕಡೆ ಬೀಸಲಿಲ್ಲ, ಬೂದಿಯೂ ಬರಲಿಲ್ಲ. 2025ರ ನವೆಂಬರ್ 23ರಂದು ಸಿಡಿದಾಗ ಬೂದಿ ಸುಮಾರು 14 ಕಿ.ಮೀ. ಎತ್ತರಕ್ಕೆ ಹೋಯಿತು. ಆ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಬಿರುಗಾಳಿ ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹಾಯುತ್ತದೆ. ಕೆಂಪು ಸಮುದ್ರ, ಯೆಮನ್, ಓಮನ್ ದಾಟಿ ಮರುದಿನ ರಾತ್ರಿಯ ಹೊತ್ತಿಗೆ ಗುಜರಾತ್, ರಾಜಸ್ಥಾನ, ದೆಹಲಿ ಮುಟ್ಟಿತು. ವಿಮಾನಗಳು ರದ್ದಾದವು. ಅಷ್ಟು ಎತ್ತರದಲ್ಲಿ ಹಾದುಹೋಗುವ ತೆಳು ಬೂದಿಯಿಂದ ನೆಲದ ಮೇಲಿನ ಬೆಳೆಗೆ ಏನೂ ಆಗುವುದಿಲ್ಲ. ಹಾಗಂತ ದಕ್ಷಿಣಕ್ಕೆ ಬೂದಿ ಬಂದೇ ಇಲ್ಲ ಎಂದಲ್ಲ. ಸುಮಾರು 74,000 ವರ್ಷದ ಹಿಂದೆ ಸುಮಾತ್ರದ ಟೋಬಾ ಸಿಡಿದಾಗ ಬಿದ್ದ ಬೂದಿಯ ಪದರ ಆಂಧ್ರದ ಜ್ವಾಲಾಪುರಂನಲ್ಲಿ ಇವತ್ತಿಗೂ ಮಣ್ಣಿನ ಕೆಳಗೆ ಸಿಗುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಬೂದಿ ಎಂದರೆ ಪುಡಿಯಾದ ಕಲ್ಲು, ಗಾಜು. ದಪ್ಪ ಬೂದಿ ಗಂಟೆಗಳಲ್ಲಿ, ಸಣ್ಣದು ದಿನಗಳಲ್ಲಿ ಕೆಳಗಿಳಿಯುತ್ತದೆ. ಹವಾಮಾನವನ್ನೇ ಅಲುಗಿಸುವ ಕಣಗಳು ಬೇರೆ. ಅವುಗಳಲ್ಲಿ ಬಹುಪಾಲು ಬೆಟ್ಟದ ಬಾಯಿಂದ ಬರುವುದಿಲ್ಲ, ದಾರಿಯಲ್ಲಿ ಅನಿಲದಿಂದ ಹುಟ್ಟುತ್ತವೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಮೇಡಂ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಜ್ವಾಲಾಮುಖಿಯ ಹೊಗೆಯಲ್ಲಿ ಹೊಸ ಏರೋಸಾಲ್ ಕಣ (ಗಾಳಿಯಲ್ಲಿ ತೇಲುವ ಅತಿಸಣ್ಣ ಕಣ) ಹುಟ್ಟುವುದನ್ನು ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಸಲ್ಫರ್ ಡೈಆಕ್ಸೈಡ್ 100 ಪಿಪಿಬಿ (ಗಾಳಿಯ ನೂರು ಕೋಟಿ ಅಣುವಿಗೆ ನೂರು) ಇಟ್ಟಿದ್ದೇನೆ, ಮಧ್ಯಾಹ್ನದ ಹೈಡ್ರಾಕ್ಸಿಲ್ ಇಟ್ಟಿದ್ದೇನೆ. ಒಂದು ಸೂತ್ರ ಹಾಕಿದರೆ ಕಣಗಳ ಸಂಖ್ಯೆ ಹುಚ್ಚುಚ್ಚಾಗಿ ಏರುತ್ತದೆ, ಇನ್ನೊಂದು ಹಾಕಿದರೆ ಸೊನ್ನೆ. ಗೈಡ್ ಕೇಳಿದರೆ ‘ಪ್ಯಾರಾಮೀಟರ್ ಅಡ್ಜಸ್ಟ್ ಮಾಡು’ ಅಂತಾರೆ. ಏನು ಮಾಡಲಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಡ್ಜಸ್ಟ್ ಮಾಡಬೇಡ ತಮ್ಮಾ. ಕೋಡ್ ಎರಡೂ ಸಲ ನೀನು ಕೇಳಿದ್ದಕ್ಕೇ ಉತ್ತರ ಕೊಟ್ಟಿದೆ. ನೀನು ಕೇಳದೆ ಬಿಟ್ಟದ್ದು ಏನು ಎಂದು ಮೊದಲು ನೋಡೋಣ.

ಬೆಟ್ಟ ಉಗುಳುವ ಸಲ್ಫರ್ ಡೈಆಕ್ಸೈಡ್ ತಾನಾಗಿ ಕಣವಾಗುವುದಿಲ್ಲ. ಬಿಸಿಲು ಓಝೋನನ್ನು ಒಡೆಯಬೇಕು, ಅದರಿಂದ ಬಂದ ಆಮ್ಲಜನಕದ ಪರಮಾಣು ನೀರಾವಿಯ ಜೊತೆ ಸೇರಿ ಹೈಡ್ರಾಕ್ಸಿಲ್ ಎಂಬ ಚುರುಕು ತುಣುಕು ಆಗಬೇಕು, ಆ ಹೈಡ್ರಾಕ್ಸಿಲ್ ಸಲ್ಫರ್ ಡೈಆಕ್ಸೈಡನ್ನು ಹಿಡಿಯಬೇಕು. ಆಮೇಲೆ ಆಮ್ಲಜನಕ, ನೀರಾವಿ ಸೇರಿಕೊಂಡು ಕ್ಷಣಗಳಲ್ಲಿ ಗಂಧಕಾಮ್ಲದ ಆವಿ ಸಿದ್ಧ. ನಿಧಾನವಾಗುವುದು ಆ ಹೈಡ್ರಾಕ್ಸಿಲ್‌ನ ಹೆಜ್ಜೆಯಲ್ಲಿ. ಗಂಧಕಾಮ್ಲದ ಅಣುಗಳು ನೀರಿನ ಅಣುಗಳನ್ನು ಕಟ್ಟಿಕೊಂಡು ಗುಂಪಾಗುತ್ತವೆ, ಚದುರುತ್ತವೆ, ಮತ್ತೆ ಗುಂಪಾಗುತ್ತವೆ. ಗುಂಪು ಚಿಕ್ಕದಾದಷ್ಟೂ ಅದರ ಮೈಯಿಂದ ಆವಿ ಹಾರಿಹೋಗುವುದು ಸುಲಭ. ಎಲ್ಲೋ ಒಂದೆರಡು ನ್ಯಾನೊಮೀಟರ್ ಹತ್ತಿರ ಒಂದು ಗಡಿ ಇದೆ. ಅದನ್ನು ದಾಟಿದ ಗುಂಪು ಬೆಳೆಯುತ್ತದೆ, ದಾಟದ್ದು ಒಡೆದುಹೋಗುತ್ತದೆ. ನೀನು ಲೆಕ್ಕ ಹಾಕಬೇಕಾದದ್ದು ಸೆಕೆಂಡಿಗೆ ಎಷ್ಟು ಗುಂಪು ಈ ಗಡಿ ದಾಟುತ್ತವೆ ಎನ್ನುವುದನ್ನು.

ನಿನ್ನ ಮಾಡೆಲನ್ನು ಎಪಿಎಂಸಿಯ ದಲ್ಲಾಳಿಯ ಖಾತೆಪುಸ್ತಕ ಅಂದುಕೋ. ಒಂದು ಕಡೆ ಜಮಾ, ಒಂದು ಕಡೆ ಖರ್ಚು. ನೀನು ಜಮಾ ಮಾತ್ರ ಬರೆದಿದ್ದೀಯ.

ಜಮಾ ನೋಡೋಣ. ನೆಲದ ಒತ್ತಡದಲ್ಲಿ 100 ಪಿಪಿಬಿ ಎಂದರೆ ಒಂದು ಘನ ಸೆಂ.ಮೀ. ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡಿನ ಸುಮಾರು 2.5 ಲಕ್ಷ ಕೋಟಿ ಅಣು. ಹೈಡ್ರಾಕ್ಸಿಲ್ 50 ಲಕ್ಷ. ಇವೆರಡರ ಕ್ರಿಯೆಯ ದರಾಂಕ ಸುಮಾರು 10ರ ಮೈನಸ್ 12ನೇ ಘಾತ. ಗುಣಿಸು: ಪ್ರತಿ ಸೆಕೆಂಡಿಗೆ 1.25 ಕೋಟಿ ಗಂಧಕಾಮ್ಲದ ಅಣು. ಖರ್ಚೇ ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ 750 ಕೋಟಿ. ನಿನ್ನ ಗ್ರಾಫ್ ಹುಚ್ಚುಚ್ಚಾಗಿ ಏರಿದ್ದು ಇದಕ್ಕೇ.

ಈಗ ಖರ್ಚು. ಗಂಧಕಾಮ್ಲಕ್ಕೆ ಹೊಸ ಕಣ ಕಟ್ಟುವುದಕ್ಕಿಂತ ಈಗಾಗಲೇ ಇರುವ ಕಣದ ಮೈಗೆ ಅಂಟುವುದು ಸಲೀಸು. ಸಾಧಾರಣ ಗಾಳಿಯಲ್ಲಿ ಒಂದು ಅಣು ಹೀಗೆ ಅಂಟುವ ಮುಂಚೆ ಸರಾಸರಿ 100 ಸೆಕೆಂಡು ಉಳಿಯಿತು ಎಂದಿಟ್ಟುಕೋ. ಆಗ ಖಾತೆ 125 ಕೋಟಿಯಲ್ಲಿ ನಿಲ್ಲುತ್ತದೆ. ಹೊಗೆಯಲ್ಲಿ ಬೂದಿ ದಟ್ಟವಾಗಿದ್ದು 10 ಸೆಕೆಂಡಿಗೇ ಅಂಟಿಬಿಟ್ಟರೆ 12.5 ಕೋಟಿ.

ಇನ್ನೊಂದು ಖರ್ಚನ್ನು ಎಷ್ಟೋ ಜನ ಮರೆಯುತ್ತಾರೆ. ನೀನು ಹೈಡ್ರಾಕ್ಸಿಲ್‌ಗೆ ಶುದ್ಧ ಗಾಳಿಯ ಬೆಲೆಯನ್ನು ಕೊಟ್ಟು ಅದನ್ನು ಹಾಗೇ ಕಟ್ಟಿಹಾಕಿದ್ದೀಯ. ಶುದ್ಧ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲ ಸೇರಿ ಒಂದು ಹೈಡ್ರಾಕ್ಸಿಲನ್ನು ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಸುತ್ತವೆ. ನಿನ್ನ 100 ಪಿಪಿಬಿ ಸಲ್ಫರ್ ಡೈಆಕ್ಸೈಡ್ ಒಂದೇ ಅದರ ಎರಡೂವರೆ ಪಟ್ಟು ವೇಗದಲ್ಲಿ ಮುಗಿಸುತ್ತದೆ. ಹಾಗಾದರೆ ಹೈಡ್ರಾಕ್ಸಿಲ್ ಮೂರರಲ್ಲೊಂದು ಪಾಲಿಗಿಂತ ಕೆಳಗಿಳಿಯಬೇಕು. ಸ್ವಲ್ಪ ಮರಳಿ ಹುಟ್ಟುತ್ತದೆ, ಅದನ್ನು ಸದ್ಯಕ್ಕೆ ಬಿಡು. ಜೊತೆಗೆ ಬೆಟ್ಟ ಉಗುಳಿದ ಬ್ರೋಮಿನ್ ಓಝೋನನ್ನು ತಿನ್ನುತ್ತದೆ, ಬೂದಿ ಬಿಸಿಲನ್ನು ತಡೆಯುತ್ತದೆ. ಎರಡರಿಂದಲೂ ಹೈಡ್ರಾಕ್ಸಿಲ್‌ನ ಹುಟ್ಟೇ ಕಡಿಮೆಯಾಗುತ್ತದೆ. ಬರೀ ಮೊದಲ ಪರಿಣಾಮ ಹಿಡಿದರೂ 12.5 ಕೋಟಿ ಸುಮಾರು 3.6 ಕೋಟಿಗೆ ಬಂತು. ಅಂದರೆ 125 ಕೋಟಿಯಿಂದ 35 ಪಟ್ಟು ಕೆಳಗೆ. ಕಣ ಹುಟ್ಟುವ ದರ ಗಂಧಕಾಮ್ಲದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಹಿಡಿದರೆ ದರ ಸುಮಾರು 1,200 ಪಟ್ಟು ಕೆಳಗೆ. ಪ್ಯಾರಾಮೀಟರ್ ಮುಟ್ಟದೆ, ಖರ್ಚಿನ ಎರಡು ಸಾಲು ಬರೆದದ್ದಕ್ಕೇ ಇಷ್ಟು.

ಇದರಿಂದ ಒಂದು ಸೊಗಸಾದ ಸಂಗತಿ ಹೊರಡುತ್ತದೆ. ಹೊಗೆಯ ನಟ್ಟನಡುವೆ ಅನಿಲ ಜಾಸ್ತಿ, ಆದರೆ ಬೂದಿಯೂ ಜಾಸ್ತಿ, ಬಿಸಿಲು ಕಮ್ಮಿ. ಅಂಚಿನಲ್ಲಿ ಅನಿಲ ಕಮ್ಮಿ, ಆದರೆ ಹೊರಗಿನ ಗಾಳಿಯ ಓಝೋನ್, ನೀರಾವಿ ಒಳಗೆ ಬೆರೆಯುತ್ತಿರುತ್ತವೆ, ಬಿಸಿಲೂ ಬೀಳುತ್ತದೆ. ಕಣಗಳು ಚೆನ್ನಾಗಿ ಹುಟ್ಟುವುದು ಬಹಳ ಸಲ ಅಂಚಿನಲ್ಲೇ. ಬೂದಿ ಕಡಿಮೆ ಇರುವ, ಸುಮ್ಮನೆ ಅನಿಲ ಬಿಡುತ್ತಾ ಕೂತ ಬೆಟ್ಟ ಈ ವಿಷಯದಲ್ಲಿ ಅಬ್ಬರದ ಸಿಡಿತಕ್ಕಿಂತ ಫಲವತ್ತು. ಪತ್ರಿಕೆಗಳಿಗೆ ಅದರ ಫೋಟೊ ಬೇಕಿಲ್ಲ, ಅಷ್ಟೇ.

ಇನ್ನು ಸೊನ್ನೆ ಬಂದದ್ದು. ನೀನು ಎರಡನೇ ಸಲ ಹಾಕಿದ್ದು ಗಂಧಕಾಮ್ಲ ಮತ್ತು ನೀರು ಎರಡೇ ಇರುವ ಹಳೆಯ ಸಿದ್ಧಾಂತದ ಸೂತ್ರ ಇರಬೇಕು. ತಂಪಾದ ಮೇಲಿನ ವಾಯುಮಂಡಲದಲ್ಲಿ ಅದು ನಡೆಯುತ್ತದೆ. ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಅದರ ಕೈಲಾಗುವುದಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕ್ಲೌಡ್ ಎಂಬ ಉಕ್ಕಿನ ಕೋಣೆ ಇದೆ. ಅದರಲ್ಲಿ ಅತ್ಯಂತ ಶುದ್ಧ ಗಾಳಿ ತುಂಬಿ, ಬೇಕಾದಷ್ಟೇ ಆಮ್ಲ ಬಿಟ್ಟು, ಕಣ ಹುಟ್ಟುವುದನ್ನು ಎಣಿಸುತ್ತಾರೆ. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ನೂರು ಪಿಪಿಟಿ (ಪಿಪಿಟಿ ಎಂದರೆ ಪಿಪಿಬಿಯ ಸಾವಿರದಲ್ಲೊಂದು ಪಾಲು) ಅಥವಾ ಅದಕ್ಕೂ ಕಡಿಮೆ ಅಮೋನಿಯಾ ಇದ್ದರೆ ಸಾಕು, ದರ 100ರಿಂದ 1,000 ಪಟ್ಟಿಗೂ ಮೀರಿ ಏರಿತು. ಕಾಸ್ಮಿಕ್ ಕಿರಣಗಳಿಂದ ಆಗುವ ವಿದ್ಯುದಂಶದ ಅಣುಗಳು ಅದನ್ನು ಇನ್ನೂ ಎರಡರಿಂದ ಹತ್ತು ಪಟ್ಟಿಗೂ ಮೀರಿ ಏರಿಸಿದವು. ಅಮೋನಿಯಾ ಆಮ್ಲದ ಗುಂಪನ್ನು ಚದುರದಂತೆ ಹಿಡಿಯುತ್ತದೆ. ಆಮ್ಲಕ್ಕೆ ಪ್ರತ್ಯಾಮ್ಲ, ಪಿಯುಸಿಯಲ್ಲಿ ಓದಿದ್ದೇ. ನಿನ್ನ ಮಾಡೆಲಿನಲ್ಲಿ ಅಮೋನಿಯಾದ ಸಾಲು ಎಲ್ಲಿದೆ? ತಾಪಮಾನ ಎಷ್ಟು ಕೊಟ್ಟಿದ್ದೀಯ? ಬೆಟ್ಟದ ತುದಿಯ ಹೊಗೆಗೆ ದಾವಣಗೆರೆಯ ಮಧ್ಯಾಹ್ನದ ಸೆಕೆ ಕೊಟ್ಟರೆ ಗುಂಪುಗಳು ಉಳಿಯುವುದಿಲ್ಲ.

ಕೋಣೆಯಲ್ಲಿ ಆದದ್ದು ಬಯಲಲ್ಲೂ ಆಗುತ್ತದೆಯೇ ಎಂದು ಕೇಳಬೇಕು, ಕೇಳಿದ್ದಾರೆ ಕೂಡ. 2010ರಲ್ಲಿ ಐಸ್‌ಲ್ಯಾಂಡಿನ ಐಯಾಫ್ಯಾಟ್ಲಯೋಕುಟ್ಲ್ ಸಿಡಿದು (ಈ ಹೆಸರು ತಪ್ಪಿಲ್ಲದೆ ಹೇಳಿದವರಿಗೆ ನನ್ನ ಲೆಕ್ಕದಲ್ಲಿ ಒಂದು ಬೆಣ್ಣೆದೋಸೆ) ಯುರೋಪಿನ ಬಹುಪಾಲು ವಿಮಾನಗಳು ನಿಂತಾಗ, ಅದರ ಹೊಗೆ ಫ್ರಾನ್ಸಿನ ಪುಯಿ ದ ಡೋಮ್ ಬೆಟ್ಟದ ವೀಕ್ಷಣಾಲಯದ ಮೇಲೆ ಹಾಯಿತು. ಸಾವಿರಾರು ಕಿ.ಮೀ. ಬಂದ ಮೇಲೂ ಅದರೊಳಗೆ ಹೊಸ ಕಣ ಹುಟ್ಟುತ್ತಿದ್ದದ್ದು ಅಲ್ಲಿ ಸಿಕ್ಕಿತು. 2016ರಲ್ಲಿ ಫ್ರೆಂಚರ ಎಟಿಆರ್-42 ಸಂಶೋಧನಾ ವಿಮಾನ ಇಟಲಿಯ ಎಟ್ನಾ, ಸ್ಟ್ರಾಂಬೊಲಿಗಳ ಹೊಗೆಯೊಳಗೆ ಹಾದು 2.5 ನ್ಯಾನೊಮೀಟರಿನ ಕಣಗಳನ್ನೂ ಎಣಿಸಿತು. ಆ ಅಳತೆಗಳಿಂದ ಕಣ ಹುಟ್ಟುವ ದರಕ್ಕೂ ಗಂಧಕಾಮ್ಲಕ್ಕೂ ನೇರ ಸಂಬಂಧ ಕಟ್ಟಿ, ಆಮ್ಲದ ಒಂದು ಘಾತದ ಸೂತ್ರ ಕೊಟ್ಟಿದ್ದಾರೆ. ಕಾಡಿನ ಗಾಳಿಯಲ್ಲೋ ನಗರದ ಗಾಳಿಯಲ್ಲೋ ಕಟ್ಟಿದ ಸೂತ್ರವನ್ನು ಎಟ್ನಾಗೆ ಎರವಲು ತರುವುದಕ್ಕಿಂತ ಇದು ಮೇಲು. ಆದರೆ ಅದೂ ಆ ಎರಡು ಬೆಟ್ಟ, ಆ ಎತ್ತರ, ಆ ಬೇಸಿಗೆಯ ಮಗು. ಸ್ತರಗೋಳಕ್ಕೆ (ಮೋಡ, ಮಳೆಗಳ ಮೇಲಿನ ಗಾಳಿಯ ಪದರಕ್ಕೆ) ಹೊಗೆ ಕಳಿಸುವ ಸಿಡಿತಕ್ಕೆ ಅದನ್ನು ಹಾಗೇ ಹಚ್ಚಿದರೆ ಉತ್ತರ ಬರುತ್ತದೆ, ಆ ಉತ್ತರವನ್ನು ನಾನು ನಂಬುವುದಿಲ್ಲ.

ನೀನು ಬರೆದದ್ದು ಗಾಳಿಯನ್ನೆಲ್ಲ ಒಂದೇ ಡಬ್ಬಿಯಲ್ಲಿ ಕಲಸಿದಂತೆ ಹಿಡಿಯುವ ಮಾಡೆಲ್, ಆದ್ದರಿಂದ ಈ ತೊಂದರೆ ನಿನಗೆ ಇನ್ನೂ ಬಂದಿಲ್ಲ. ನಾಳೆ ಹವಾಮಾನದ ದೊಡ್ಡ ಮಾಡೆಲಿಗೆ ಕೈ ಹಾಕಿದಾಗ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಆ ಮಾಡೆಲ್ ಒಂದು ಘಟಕವಾಗಿ ಹಿಡಿಯುವ 10 ಕಿ.ಮೀ. ಅಗಲದ ಚೌಕದೊಳಗೆ ಹೊಗೆ ನೂರರಲ್ಲಿ ಒಂದು ಪಾಲು ಜಾಗದಲ್ಲಿ ಮಾತ್ರ ಇದೆ ಎನ್ನೋಣ. ಮಾಡೆಲ್ ಅದನ್ನು ಇಡೀ ಚೌಕಕ್ಕೆ ಹರಡಿ 100 ಪಿಪಿಬಿಯನ್ನು 1 ಪಿಪಿಬಿ ಮಾಡುತ್ತದೆ. ದರ ವರ್ಗದ ಲೆಕ್ಕದಲ್ಲಿದ್ದರೆ ಹತ್ತು ಸಾವಿರದಲ್ಲೊಂದು ಪಾಲಾಯಿತು. ನಿಜವಾಗಿ ನೂರರಲ್ಲೊಂದು ಜಾಗದಲ್ಲಿ ಪೂರ್ತಿ ದರ ನಡೆಯುತ್ತಿತ್ತು. ನೂರು ಪಟ್ಟು ಕಡಿಮೆ ಹೇಳಿದಂತಾಯಿತು. ಅದೇ ಹೊತ್ತಿಗೆ ಹರಡಿದ ಹೊಗೆಯಲ್ಲಿ ಹೈಡ್ರಾಕ್ಸಿಲ್ ಖಾಲಿಯಾಗುವುದಿಲ್ಲ, ಬೂದಿಯೂ ತೆಳು, ಹಾಗಾಗಿ ಇನ್ನೊಂದು ಕಡೆಯಿಂದ ಹೆಚ್ಚು ಹೇಳುತ್ತದೆ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಅಳತೆಗೆ ಹೊಂದಿಬಿಟ್ಟರೆ ಅದೇ ದೊಡ್ಡ ಅಪಾಯ. ಗೈಡ್ ಶಹಭಾಸ್ ಅಂದುಬಿಡುತ್ತಾರೆ.

ಹುಟ್ಟಿದ ಕಣ ಉಳಿಯಬೇಕಲ್ಲ, ಅದೂ ಇದೆ. ಎರಡು ನ್ಯಾನೊಮೀಟರಿನ ಕಣ ದೊಡ್ಡದೊಂದಕ್ಕೆ ಡಿಕ್ಕಿ ಹೊಡೆದು ಅದರಲ್ಲಿ ಸೇರಿಹೋದರೆ ಸಂಖ್ಯೆಯಲ್ಲಿ ಒಂದು ಹೋಯಿತು. ಮೋಡದ ಹನಿಗೆ ಬೀಜವಾಗಲು ಅದು ಸುಮಾರು 50ರಿಂದ 100 ನ್ಯಾನೊಮೀಟರ್‌ಗೆ ಬೆಳೆಯಬೇಕು, ಅದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಕಣಗಳನ್ನು ಗಾತ್ರದ ಪ್ರಕಾರ ಬೇರೆ ಬೇರೆ ವರ್ಗ ಮಾಡಿ, ಪ್ರತಿ ವರ್ಗಕ್ಕೂ ಅಂಟುವುದು, ಡಿಕ್ಕಿ ಎರಡನ್ನೂ ಬರಿ.

ಕಡೆಗೆ ಮೂರು ಸಲ ಓಡಿಸಿ ನೋಡು. ರಾತ್ರಿ ಮಾಡು: ಹೊಸ ಕಣದ ಹುಟ್ಟು ನಿಲ್ಲಬೇಕು. ಬೂದಿ ತೆಗೆ: ಹೆಚ್ಚಬೇಕು. ಸಲ್ಫರ್ ಡೈಆಕ್ಸೈಡನ್ನು ಮೆಲ್ಲಗೆ 1 ಪಿಪಿಬಿಯಿಂದ 1,000ಕ್ಕೆ ಏರಿಸು: ಗಂಧಕಾಮ್ಲ ಅದೇ ಪ್ರಮಾಣದಲ್ಲಿ ಏರುತ್ತಾ ಹೋಗಬಾರದು, ಒಂದು ಮಟ್ಟದಲ್ಲಿ ಬಾಗಬೇಕು. ಬಾಗದಿದ್ದರೆ ಹೈಡ್ರಾಕ್ಸಿಲ್ ಇನ್ನೂ ಕಟ್ಟಿಹಾಕಿದಂತೆಯೇ ಇದೆ.

ಪ್ರಶ್ನೆ: ಮರಡಿಹಳ್ಳಿಯ ದಿಂಬುಲಾವಾ ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ‘ಹಾಗಾದರೆ ಚಿತ್ರದುರ್ಗದ ಮೇಲೂ ಜ್ವಾಲಾಮುಖಿ ಹೊಗೆ ಇತ್ತಾ ಸಾರ್?’ ಎಂದು ಒಬ್ಬಳು ಕೇಳಿದಳು. ಉತ್ತರ ಹೊಳೆಯಲಿಲ್ಲ.
— ಪ್ರೌಢಶಾಲಾ ಶಿಕ್ಷಕರು, ಹಿರಿಯೂರು

ಉತ್ತರ: ಮೇಷ್ಟ್ರೇ, ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಐಮಂಗಲದ ಹತ್ತಿರದ ಆ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಿಂದಿನವು, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅವನ್ನು ರಾಷ್ಟ್ರೀಯ ಸ್ಮಾರಕ ಎಂದು ಗುರುತಿಸಿದೆ. ದಿಂಬಿನ ಆಕಾರ ಬಂದದ್ದೇ ಲಾವಾ ನೀರಿನೊಳಗೆ ಉಕ್ಕಿ, ಮೈ ತಣ್ಣಗಾಗಿ, ಉಂಡೆ ಉಂಡೆಯಾಗಿ ಗಟ್ಟಿಯಾದದ್ದರಿಂದ. ಆಳದ ನೀರಿನಲ್ಲಿ ಉಕ್ಕಿದ ಲಾವಾದ ಗಂಧಕ ಬಹುಪಾಲು ನೀರಿನಲ್ಲಿ, ಕಲ್ಲಿನಲ್ಲಿ ಉಳಿಯುತ್ತದೆ, ಆಕಾಶಕ್ಕೆ ಹೊಗೆಯ ಕಂಬ ಏಳುವುದಿಲ್ಲ. ದುರ್ಗದ ಹತ್ತಿರದ ಇಂಗಳದಾಳಿನಲ್ಲಿ ತೆಗೆದ ತಾಮ್ರದ ಅದಿರೂ ಗಂಧಕದ ಜೊತೆ ಬೆಸೆದದ್ದೇ, ಹಳೆಯ ಲಾವಾ ಶಿಲೆಗಳ ನಡುವೆಯೇ ಸಿಕ್ಕಿದ್ದು. ಕೋಟೆಯ ಬಂಡೆಗಳನ್ನು ಮಾತ್ರ ಲಾವಾ ಎಂದು ಹೇಳಿಬಿಡಬೇಡಿ, ಅವು ಗ್ರಾನೈಟಿನ ಜಾತಿಯವು.

ಆದರೆ ಆ ಕಾಲದಲ್ಲಿ ನೆಲದ ಮೇಲೆ ಸಿಡಿದ ಬೆಟ್ಟಗಳ ಹೊಗೆಯಲ್ಲಿ ಏನಾಗುತ್ತಿತ್ತು ಎಂದು ಯೋಚಿಸಿ. ಗಾಳಿಯಲ್ಲಿ ಆಮ್ಲಜನಕ ಸೇರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ಮರಡಿಹಳ್ಳಿಯ ಲಾವಾ ಗಟ್ಟಿಯಾದ ಮೇಲೆ. ಆಮ್ಲಜನಕ ಇಲ್ಲದಿದ್ದರೆ ಓಝೋನ್ ಇಲ್ಲ. ನಾನು ಮೇಲೆ ದಾವಣಗೆರೆಯ ಹುಡುಗನಿಗೆ ಹೇಳಿದ ಹೈಡ್ರಾಕ್ಸಿಲ್ ದಾರಿ ಅಲ್ಲಿ ನಡೆಯುವುದಿಲ್ಲ. ಬದಲಿಗೆ ಸೂರ್ಯನ ತೀಕ್ಷ್ಣ ನೇರಳಾತೀತ ಕಿರಣ ತಡೆಯಿಲ್ಲದೆ ಕೆಳಗಿಳಿದು ಸಲ್ಫರ್ ಡೈಆಕ್ಸೈಡನ್ನೇ ಒಡೆಯುತ್ತಿತ್ತು. ಒಂದು ಪಾಲು ಗಂಧಕಾಮ್ಲದ ಕಣವಾದರೆ ಇನ್ನೊಂದು ಪಾಲು ಬರೀ ಗಂಧಕದ ಕಣವಾಗಿ ಬೀಳುತ್ತಿತ್ತು. ಹೀಗೆ ಒಡೆಯುವಾಗ ಗಂಧಕದ ಐಸೊಟೋಪುಗಳ (ತೂಕ ಮಾತ್ರ ಬೇರೆಯಾದ ಪರಮಾಣುಗಳ) ಪ್ರಮಾಣದಲ್ಲಿ ಒಂದು ವಿಚಿತ್ರ ಗುರುತು ಮೂಡುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಹಳೆಯ ಕಲ್ಲುಗಳಲ್ಲಿ ಆ ಗುರುತನ್ನು 2000ನೇ ಇಸವಿಯಲ್ಲಿ ತೋರಿಸಿದರು. ಆಮ್ಲಜನಕ ಬಂದ ನಂತರದ ಕಲ್ಲುಗಳಲ್ಲಿ ಅದು ಮಾಯ. ಗಾಳಿಯಲ್ಲಿ ಆಮ್ಲಜನಕ ಯಾವಾಗ ಬಂತು ಎಂಬುದಕ್ಕೆ ನಮ್ಮ ಬಳಿ ಇರುವ ಗಟ್ಟಿ ಸಾಕ್ಷಿ, ಜ್ವಾಲಾಮುಖಿಯ ಹೊಗೆಯಲ್ಲಿ ಕಣ ಹುಟ್ಟಿದ ಬಗೆಯೇ ಎನ್ನುವುದನ್ನು ಮಕ್ಕಳಿಗೆ ಹೇಳಿ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳಿ.

ಪ್ರಶ್ನೆ: ಜ್ವಾಲಾಮುಖಿ ಭೂಮಿಯನ್ನು ತಂಪು ಮಾಡುತ್ತದೆ ಎಂದಾದರೆ, ನಾವೇ ಗಂಧಕ ಮೇಲೆ ಬಿಟ್ಟು ಈ ಬೇಸಿಗೆಯ ಉರಿ ಕಡಿಮೆ ಮಾಡಿಕೊಳ್ಳಬಾರದೇ?
— ಗೃಹಿಣಿ, ಚಿತ್ರದುರ್ಗ

ಉತ್ತರ: ದುರ್ಗದ ಏಪ್ರಿಲ್ ಕಂಡವರು ಕೇಳಲೇಬೇಕಾದ ಪ್ರಶ್ನೆ ತಾಯಿ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಸ್ತರಗೋಳಕ್ಕೆ ತಳ್ಳಿತು. ಅಲ್ಲಿ ಮಳೆ ಇಲ್ಲ, ತೊಳೆದು ಕೆಳಗಿಳಿಸುವವರಿಲ್ಲ. ವಾರಗಳಲ್ಲಿ ಅನಿಲ ಕಣವಾಯಿತು, ಮರುವರ್ಷ ಜಗತ್ತಿನ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಎರಡರಷ್ಟು ಗಂಧಕ ಬಿಟ್ಟರೆ ಎರಡರಷ್ಟು ತಂಪಾಗುವುದಿಲ್ಲ. ಮೊದಲು ಹುಟ್ಟಿದ ಕಣಗಳಿಗೇ ಆಮ್ಲ ಅಂಟಿ ಅವು ದಪ್ಪಗಾಗುತ್ತವೆ, ದಪ್ಪ ಕಣ ಬಿಸಿಲನ್ನು ಅಷ್ಟಾಗಿ ಚದುರಿಸುವುದಿಲ್ಲ, ಬೇಗ ಇಳಿದೂಬಿಡುತ್ತದೆ. ಇನ್ನೊಂದು, ಪಿನಾಟುಬೊ ನಂತರ 1992ರಲ್ಲಿ ಜಗತ್ತಿನ ನೆಲದ ಮೇಲೆ ಬಿದ್ದ ಮಳೆಯೂ ನದಿಗಳ ಹರಿವೂ ಕುಗ್ಗಿದ್ದವು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಇಂಥ ಜಿಲ್ಲೆಯವಳಾಗಿ ಅರ್ಧ ಡಿಗ್ರಿ ತಂಪಿಗೆ ಮಳೆಯನ್ನು ಪಣಕ್ಕಿಡು ಎಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮೂರ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲೂ ಹೊಸ ಕಣ ಹುಟ್ಟುತ್ತವೆಯೇ? ಇಲ್ಲಿ ಯಾರಾದರೂ ಅಳೆಯುತ್ತಾರೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಭಟ್ಟಿಯ ಹೊಗೆಯಲ್ಲಿ ಹೊರಡುವಾಗಲೇ ಮಸಿ ತುಂಬಿರುತ್ತದೆ ನೋಡಮ್ಮಾ, ಆವಿ ಅದಕ್ಕೇ ಅಂಟಿಕೊಳ್ಳುತ್ತದೆ. ಹೊಸ ಕಣ ಹುಟ್ಟಲು ಗಾಳಿ ಸ್ವಲ್ಪ ತಿಳಿಯಾಗಿ, ಬಿಸಿಲೇರುತ್ತಿರುವ ಬೆಳಗಿನ ಹೊತ್ತು ಬೇಕು. ಪುಣೆ, ಹೈದರಾಬಾದ್, ಹಿಮಾಲಯದ ಮುಕ್ತೇಶ್ವರಗಳಲ್ಲಿ ಇಂಥ ಬೆಳಗುಗಳನ್ನು ದಾಖಲಿಸಿದ್ದಾರೆ, ಜ್ವಾಲಾಮುಖಿಯ ನಂಟೇ ಇಲ್ಲದೆ. ಅಳತೆಯ ಮಟ್ಟಿಗೆ ನಮಗೆ ಹತ್ತಿರದ್ದು ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸು. ಅಲ್ಲಿ ವಾಯುಮಂಡಲದ ಏರೋಸಾಲ್ ಅಳೆಯುವ ಹವಾಮಾನ ವೀಕ್ಷಣಾಲಯ ಇದೆ. ನಿಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಹಾಕಿಸಿ ಭೇಟಿಗೆ ಅನುಮತಿ ಕೇಳಿ, ಬಾಯಿಮಾತಿನಲ್ಲಿ ಬಿಡಬೇಡಿ.

ಪ್ರಾಜೆಕ್ಟಿನ ಅಂಕಿ ಕಳಿಸುವವರಿಗೆ ಒಂದು ಕೋರಿಕೆ: ಕಂಪ್ಯೂಟರ್ ಪರದೆಯ ಫೋಟೊ ಹೊಡೆದು ಕಳಿಸಬೇಡಿ. ನನ್ನ ಕನ್ನಡಕಕ್ಕೆ ಘಾತಸಂಖ್ಯೆಯ ಮೈನಸ್ಸು ಕಾಣುವುದಿಲ್ಲ. ಪಟ್ಟಿಯನ್ನು ಕಾಗದದಲ್ಲಿ ಬರೆದು, ಪ್ರತಿ ಅಂಕಿಯ ಮುಂದೆ ಅದರ ಮಾನ ಬರೆದು ಕಳಿಸಿ.